ಮೂವರು ವಿಜಯರು

ವಿರಾಟಪರ್ವದಲ್ಲಿ ಅರ್ಜುನನು ಉತ್ತರಕುಮಾರನಿಗೆ ತನ್ನ ಹತ್ತು ಹೆಸರುಗಳನ್ನು ಹೇಳಿ ಒಂದೊಂದಕ್ಕೂ ಕಾರಣ ಕೊಡುತ್ತಾನೆ. ಗೆಲ್ಲದೆ ಹಿಂದಿರುಗನಾದ್ದರಿಂದ 'ವಿಜಯ'. ಅದು ಗಳಿಸಿದ ಹೆಸರು. ನಮಗಾದರೋ ಹೆಸರು ತೊಟ್ಟಿಲಲ್ಲಿಯೇ ಬರುತ್ತದೆ. ಕಾರಣವನ್ನು ಆಮೇಲೆ ಹುಡುಕಬೇಕು. ನಮ್ಮ ಕಾಲದ ಉದ್ಯಮ-ತಂತ್ರಜ್ಞಾನಗಳಲ್ಲಿ ಈ ಹೆಸರಿನ ಮೂವರು ನೆನಪಾಗುತ್ತಾರೆ. ಅವರ ಕೆಲಸಗಳಿಗೆ ಬಂದ ಹೆಸರುಗಳನ್ನೂ ನೋಡಬೇಕು.

ಗದುಗಿನ ವಿಜಯ ಸಂಕೇಶ್ವರರದು ಮುದ್ರಣದ ಮನೆತನ. ಆ ಕಸುಬು ಬಿಟ್ಟು 1976ರಲ್ಲಿ ಒಂದೇ ಲಾರಿಯೊಡನೆ ಸಾಗಣೆಗಿಳಿದರು. ಮುಂದೆ ಹುಬ್ಬಳ್ಳಿ ಅದರ ಕೇಂದ್ರವಾಯಿತು. 'ವಿಜಯಾನಂದ' ಎಂಬ ಸಂಸ್ಥೆಯ ಹೆಸರಿನಲ್ಲಿ ತಂದೆಯೂ ಇದ್ದಾರೆ, ಮಗ ಆನಂದರೂ ಇದ್ದಾರೆ. ಪತ್ರಿಕೆ ಹೊರಡಿಸಿದಾಗ ಅದೂ 'ವಿಜಯ ಕರ್ನಾಟಕ'. 2006ರಲ್ಲಿ ಪತ್ರಿಕೆ ಟೈಮ್ಸ್ ಸಮೂಹದ ಪಾಲಾಯಿತು. ಹೆಸರೂ ಅದರೊಡನೆ ಹೋಯಿತು. ತನ್ನ ಹೆಸರು ದಿನವೂ ಪರರ ಮುಖಪುಟದಲ್ಲಿ ಬೆಳಗಾಗುವುದನ್ನು ಕಾಣುವುದು ವಿಚಿತ್ರವೇ ಇರಬೇಕು! 2012ರಲ್ಲಿ 'ವಿಜಯವಾಣಿ' ಹೊರಟಿತು. ಹೆಸರು ಮರಳಿ ಮನೆಗೆ ಬಂದಿತು.

ಬಂಟ್ವಾಳ ಮೂಲದ ವಿಜಯ ಮಲ್ಯರು 2005ರಲ್ಲಿ ಆರಂಭಿಸಿದ ವಿಮಾನ ಸಂಸ್ಥೆಗೆ ತಮ್ಮ ಬಿಯರಿನ ಹೆಸರನ್ನೇ ಇಟ್ಟರು—ಕಿಂಗ್‌ಫಿಶರ್, ನಮ್ಮ ಮಿಂಚುಳ್ಳಿ. 2012ರಲ್ಲಿ ಹಕ್ಕಿ ನೆಲಕ್ಕಿಳಿಯಿತು. ಸಂಬಳಕ್ಕೆ ಕಾದು ಕುಳಿತ ನೌಕರರಿಗೆ ಒಡೆಯರ ಹೆಸರಿನ ಅರ್ಥ ಯಾವ ನಿಘಂಟಿನಲ್ಲಿ ಸಿಕ್ಕೀತು?

ಮೂರನೆಯವರು ಮಹಾರಾಷ್ಟ್ರದ ವಿಜಯ ಭಟ್ಕರ. ಅಮೆರಿಕವು ಮಹಾಗಣಕವನ್ನು ಕೊಡಲೊಪ್ಪದಿದ್ದಾಗ, ಪುಣೆಯ ಸಿ-ಡ್ಯಾಕ್‌ನಲ್ಲಿ ಅವರ ನೇತೃತ್ವದಲ್ಲಿ 1991ರಲ್ಲಿ ಸ್ವದೇಶಿ ಯಂತ್ರ ಸಿದ್ಧವಾಯಿತು. ಅದಕ್ಕೆ 'ವಿಜಯ'ದ ಸೋಂಕಿಲ್ಲ. ಅದರ ಹೆಸರು 'ಪರಮ್'. ಸಂಸ್ಕೃತದಲ್ಲಿ ಶ್ರೇಷ್ಠವೆಂದರ್ಥ, ಇಂಗ್ಲಿಷಿನಲ್ಲಿ ಸಮಾಂತರ ಯಂತ್ರವೆಂಬುದರ ಹ್ರಸ್ವರೂಪ. ಈ ಶ್ಲೇಷೆಯನ್ನು ನಮ್ಮ ಹಳಗನ್ನಡ ಕವಿಗಳೂ ಮೆಚ್ಚಿ ತಲೆದೂಗುತ್ತಿದ್ದರು.