ಅಂಗಳದ ಲೈಟು, ಆಕಾಶದ ಚುಕ್ಕಿ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



1980ರ ಫೆಬ್ರವರಿ 16ರಂದು ನಮ್ಮ ರಾಯಚೂರು ಸೀಮೆಯಲ್ಲಿ ಹಾಡಹಗಲೇ ಕತ್ತಲಾಯ್ತು. ಪೂರ್ಣ ಸೂರ್ಯಗ್ರಹಣ! ವಿಜ್ಞಾನಿಗಳು ದೂರದಿಂದ ಬಂದು ನೋಡಿದರು. ನಾನು ಮಾತ್ರ ಕದ ಹಾಕಿದ ಮನೆಯಲ್ಲಿ ಅಜ್ಜಿಯ ಮಗ್ಗುಲಲ್ಲಿದ್ದೆ. ಇನ್ನು ಭಾರತದಲ್ಲಿ ಅಂಥದ್ದು ಕಾಣುವುದು 2034ರಲ್ಲಿ, ಅದೂ ಕಾಶ್ಮೀರದ ಕಡೆ.

ಆ ನಷ್ಟವೇ ನನ್ನನ್ನು ಹವ್ಯಾಸಿ ಖಗೋಳ ಸಂಘಕ್ಕೆ ಸೇರಿಸಿತು. ದೂರದರ್ಶಕ ಹೊತ್ತು ಊರೂರಿಗೆ ಹೋಗ್ತೀವಿ. ಶನಿಯ ಬಳೆ ಕಂಡ ಮೇಲೆ, 'ಶನಿಕಾಟ' ಅಂತಿದ್ದವರೂ ಮತ್ತೊಮ್ಮೆ ಸಾಲಿಗೆ ನಿಲ್ತಾರೆ. 2020ರ ಡಿಸೆಂಬರ್ 21ರಂದು ಗುರು, ಶನಿ ಎರಡೂ ಒಂದೇ ನೋಟಕ್ಕೆ ಸಿಕ್ಕವು.

ನನ್ನದೊಂದೇ ಬೇಡಿಕೆ. ಬರುವ ಅಮಾವಾಸ್ಯೆಯ ರಾತ್ರಿ ಒಂದು ತಾಸು ಸಂಘದ ಅಂಗಳದ ಲೈಟು ಆರಿಸಿ. ಗೋದಾಮು ಕಾಯಲು ನಾವೇ ಇರ್ತೀವಿ. ಅಮಾವಾಸ್ಯೆ ಅಂತ ಮಕ್ಕಳನ್ನು ಒಳಗೆ ಕೂಡಿಹಾಕಬೇಡಿ. ಕೈಹಿಡಿದು ಕರಕೊಂಡು ಬನ್ನಿ.