ನಮ್ಮ ಹಳ್ಳ ಹರಿದು ಹೋಗುವ ಕಾಡು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಸಾಫ್ಟ್‌ವೇರ್ ಇಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ, ನೌಕರಿ ಬಗ್ಗೆ ಹೇಳುತ್ತಾನೆ ಎಂದು ನೀವು ಕಾದಿರಬಹುದು. ಅದನ್ನು ಹೇಳುವವರು ನನ್ನ ನಂತರ ಇನ್ನೂ ಮೂವರಿದ್ದಾರೆ. ನಾನು ಕಾಡಿನ ಒಂದು ಕಾಲುದಾರಿ, ಅದಕ್ಕೆ ಅಡ್ಡ ಬರುವ ಹಳ್ಳಗಳು, ಕೊನೆಗೆ ಸಿಗುವ ಒಂದು ಮಡು, ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತೇನೆ.

ಬೆಂಗಳೂರಿನಲ್ಲಿ ನಮ್ಮ ಆಫೀಸಿನವರು ಶನಿವಾರ ಬಂತೆಂದರೆ ಕುಮಾರಪರ್ವತ, ಕೊಡಚಾದ್ರಿ ಎಂದು ಹೊರಡುತ್ತಾರೆ. ನಾನೂ ಹೋಗಿದ್ದೇನೆ. ಅಲ್ಲಿ ಒಬ್ಬರು ನನ್ನನ್ನು ಕೇಳಿದರು: "ನಿಮ್ಮ ಕಡೆ ಬರೀ ಬಿಸಿಲಲ್ವಾ, ಕಾಡು ಎಲ್ಲಿದೆ?" ಕೇಳಿದ್ದು ಅವರ ತಪ್ಪಲ್ಲ. ನಮ್ಮವರೇ ಹಾಗೆ ಹೇಳಿಕೊಂಡು ತಿರುಗುತ್ತೇವೆ.

ಹುಮನಾಬಾದಿನಿಂದ ಎರಡು ಗಂಟೆಯೊಳಗೆ ಚಿಂಚೋಳಿ ಕಾಡು ಸಿಗುತ್ತದೆ. 2011ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ಸುಮಾರು 134 ಚದರ ಕಿಲೋಮೀಟರು. ಒಣನಾಡಿನ ಕಾಡು ಅದು. ಸಾಗವಾನಿ ಇದೆ, ಮುತ್ತುಗ ಇದೆ, ರಕ್ತಚಂದನ ಇದೆ. ತೋಳ, ಕತ್ತೆಕಿರುಬ, ಕೊಂಡುಕುರಿ ಇವೆ. ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ ನೋಡಿದವರು ಈ ಸಭೆಯಲ್ಲಿ ಎಷ್ಟು ಜನ? ಕೈ ಎತ್ತಿರಿ ನೋಡೋಣ. ಆಯಿತು, ಗೋವಾ ನೋಡಿದವರು? ನೋಡಿದಿರಲ್ಲ.

ಆ ಕಾಡು ಕಲಬುರಗಿ ಜಿಲ್ಲೆಯದು, ನಮಗೇನು ಸಂಬಂಧ ಎನ್ನಬೇಡಿ. ಚಿಂಚೋಳಿ ಊರಿನ ಮಗ್ಗುಲಲ್ಲಿ ಹರಿಯುವ ಮುಲ್ಲಾಮಾರಿ ಹುಟ್ಟುವುದು ನಮ್ಮ ಬಸವಕಲ್ಯಾಣ ತಾಲ್ಲೂಕಿನಲ್ಲಿ. ಅದು ಕಾಗಿಣಾ ಸೇರಿ, ಭೀಮಾ ಸೇರಿ ಕೃಷ್ಣೆಗೆ ಹೋಗುತ್ತದೆ. ಇತ್ತ ಕಾರಂಜಾ ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ. ನಮ್ಮ ಎತ್ತರದ ಹೊಲಗಳಲ್ಲಿ ಬದುವಿನ ಈಚೆ ಬಿದ್ದ ಹನಿ ಒಂದು ನದಿಗೆ, ಆಚೆ ಬಿದ್ದ ಹನಿ ಇನ್ನೊಂದು ನದಿಗೆ. ಇದನ್ನು ನಾನು ತಿಳಿದದ್ದು ನೌಕರಿಗೆ ಸೇರಿದ ಮೇಲೆ, ನಕಾಶೆ ನೋಡುತ್ತಾ ಕುಳಿತಾಗ.

ನಮ್ಮ ಕಲ್ಲಿನ ಗುಣವನ್ನೂ ಸ್ವಲ್ಪ ಹೇಳಬೇಕು. ಕೆಳಗೆ ಇರುವುದು ಕರಿಕಲ್ಲು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದದ್ದು. ಮೇಲೆ ಅಲ್ಲಲ್ಲಿ ಕೆಂಪು ಜಂಬಿಟ್ಟಿಗೆ. ಜಂಬಿಟ್ಟಿಗೆ ಮಳೆನೀರನ್ನು ಹೀರಿಕೊಂಡು, ಕೆಳಗೆ ಬಿಗಿಯಾದ ಪದರ ಸಿಕ್ಕಲ್ಲಿ ಪಕ್ಕಕ್ಕೆ ಝರಿಯಾಗಿ ಬಿಡುತ್ತದೆ. ಬೀದರಿನ ಝರಣಿ ನರಸಿಂಹನ ಗವಿಯಲ್ಲಿ ಎದೆಮಟ್ಟದ ನೀರು, ನೌಬಾದಿನ ಸುರಂಗ ಬಾವಿ, ಎಲ್ಲಕ್ಕೂ ಇದೇ ಕಾರಣ. ಇನ್ನು ಕರಿಕಲ್ಲಿನ ಪದರಗಳಲ್ಲಿ ಕೆಲವು ಗಟ್ಟಿ, ಕೆಲವು ಮೆದು. ಹಳ್ಳವು ಮೆದು ಪದರವನ್ನು ಕೊರೆದಾಗ ಮೆಟ್ಟಿಲಾಗುತ್ತದೆ, ಮೆಟ್ಟಿಲಿನ ಬುಡದಲ್ಲಿ ನೀರು ಬಿದ್ದು ಬಿದ್ದು ಮಡುವಾಗುತ್ತದೆ.

ಕಳೆದ ಮಳೆಗಾಲದ ಕೊನೆಗೆ ನಾವು ಐದು ಜನ ಅಲ್ಲಿಗೆ ಹೋದೆವು. ಅರಣ್ಯ ಇಲಾಖೆಯ ಅನುಮತಿ ಪಡೆದು, ತಾಂಡಾದ ಒಬ್ಬ ಹಿರಿಯರನ್ನು ದಾರಿ ತೋರಿಸಲು ಕರೆದುಕೊಂಡಿದ್ದೆವು. ನಾವೆಲ್ಲ ಅವರನ್ನು ಕಾಕಾ ಎಂದೆವು. ಸೀತಾಫಲ ಕಣ್ಣು ಬಿಟ್ಟಿದ್ದವು. ಮಡು ಸೇರುವಷ್ಟರಲ್ಲಿ ಒಂದೇ ಹಳ್ಳವನ್ನು ಮೂರು ಸಲ ದಾಟಬೇಕು. ನನ್ನ ಫೋನಿನ ಮ್ಯಾಪಿನಲ್ಲಿ ಆ ಹಳ್ಳ ಒಂದು ನೀಲಿ ಗೆರೆ. ಏಪ್ರಿಲ್‌ನಲ್ಲೂ ನೀಲಿ, ಆಗಸ್ಟ್‌ನಲ್ಲೂ ನೀಲಿ. ಆಳ ಎಷ್ಟು, ಸೆಳೆತ ಎಷ್ಟು, ಬಂಡೆಯ ಮೇಲೆ ಹಾವಸೆ ಎಲ್ಲಿದೆ ಎಂಬುದು ಅದರಲ್ಲಿಲ್ಲ. ನಾನು ಅಂಥ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು, ಆದ್ದರಿಂದ ಹೇಳುವ ಅಧಿಕಾರ ನನಗಿದೆ.

ಕಾಕಾ ದಾಟುವ ಕ್ರಮವೇ ಬೇರೆ. ಮೊದಲು ಕೋಲಿನಿಂದ ತಳ ಮುಟ್ಟಿ ನೋಡುವರು. ಮುಖ ನೀರು ಬರುವ ಕಡೆಗೆ. ಕೋಲು ಊರಿದ ಮೇಲೆ ಒಂದು ಕಾಲು, ಅದು ನಿಂತ ಮೇಲೆ ಇನ್ನೊಂದು. ಬರಿಗಾಲು ಬೇಡ ಎಂದರು. ಬೆನ್ನಚೀಲದ ಪಟ್ಟಿ ಸಡಿಲ ಮಾಡಿಸಿದರು. ಬಿದ್ದರೆ ಚೀಲ ಬಿಟ್ಟು ಏಳಬೇಕಲ್ಲ. ಮಕ್ಕಳೇ, ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲು ಮೀರಿದ ಓಡುವ ನೀರಿಗೆ ಇಳಿಯಬೇಡಿ ಎನ್ನುವುದು ಇದಕ್ಕೇ.

ಮಡು ಹೇಗಿತ್ತು ಎಂದು ವರ್ಣಿಸಲು ನನಗೆ ಬರುವುದಿಲ್ಲ. ತಳದ ಕಲ್ಲು ಕಾಣುವಷ್ಟು ತಿಳಿನೀರು, ಮೈ ನಡುಗುವ ತಂಪು. ಇದು ಎತ್ತಿಪೋತದ ಬುಡವಲ್ಲ. ಬೀಳುವ ನೀರು ಕೆಳಗೆ ಸುತ್ತಿ ಒಳಗೆಳೆಯುತ್ತದೆ, ಅಲ್ಲಿ ಇಳಿಯಬಾರದು. ನಾವಿಳಿದ ಮಡು ಎಲ್ಲಿದೆ ಎಂದು ಮೈಕಿನಲ್ಲಿ ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರ ಅಲ್ಲಿ ಡಿಜೆ ಹಚ್ಚುತ್ತಾರೆ.

ಐದು ಜನರಲ್ಲಿ ಈಸು ಬರುತ್ತಿದ್ದದ್ದು ಇಬ್ಬರಿಗೆ. ಉಳಿದ ಮೂವರು ಬಿ.ಇ. ಓದಿದವರು, ಸೊಂಟದ ತನಕ ಇಳಿದು ನಿಂತರು.

ತಿರುಗಿ ಬರುವಾಗ ಎರಡನೆಯ ದಾಟು. ತಲೆಯ ಮೇಲೆ ಬಿಸಿಲು. ಕಾಕಾ ಕೈ ಅಡ್ಡ ಹಿಡಿದರು: "ನಿಂದರ್ರಿ ಸರ, ನೀರಿನ ಬಣ್ಣ ಬದಲಾಗ್ಲತ್ತದ. ಮ್ಯಾಲ ಮಳಿ ಆಗ್ಯಾದ." ಮುಂಜಾನೆ ತಿಳಿಯಾಗಿದ್ದ ನೀರು ಕೆಂಪಾಗಿತ್ತು, ಕಸಕಡ್ಡಿ ತೇಲಿ ಬರುತ್ತಿತ್ತು. ನೀರಿನ ಅಂಚಿಗೆ ಒಂದು ಕಲ್ಲು ಇಟ್ಟರು. ನಮ್ಮಲ್ಲೊಬ್ಬನಿಗೆ ರಾತ್ರಿಯ ರೈಲು, ಈಗಲೇ ದಾಟೋಣ ಎಂದ. ಹತ್ತು ನಿಮಿಷದಲ್ಲಿ ಆ ಕಲ್ಲು ಕಾಣಲಿಲ್ಲ. ಅವನು ಮತ್ತೆ ಮಾತಾಡಲಿಲ್ಲ. ಎರಡೂವರೆ ತಾಸು ಕುಳಿತು, ಕಲ್ಲು ಮತ್ತೆ ಮೇಲೆದ್ದು ನೀರು ಇನ್ನೂ ಕೆಳಗಿಳಿದ ಮೇಲೆ ದಾಟಿದೆವು. ರೈಲು ಹೋಯಿತು.

ನಮ್ಮ ತಂದೆಯವರ ಕಾಲದಲ್ಲಿ ಈಸು ಬಾರದ ಗಂಡುಹುಡುಗ ಊರಲ್ಲಿ ಇರಲಿಲ್ಲ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳುತ್ತಿದ್ದರು. ನಮ್ಮ ಕಾಲಕ್ಕೆ ಲಾರಿಯ ಟ್ಯೂಬು ಬಂತು. ಈಗ ಆ ಬಾವಿಗಳಲ್ಲಿ ಕಸ ತುಂಬಿದೆ, ಪಕ್ಕದಲ್ಲಿ ಬೋರ್‌ವೆಲ್ ಇದೆ. ಬೋರ್‌ವೆಲ್‌ನಲ್ಲಿ ಈಸು ಕಲಿಯಲಾಗುವುದಿಲ್ಲ. ಹೆಣ್ಣುಮಕ್ಕಳನ್ನಂತೂ ಆಗಲೂ ಬಾವಿಯ ಹತ್ತಿರ ಬಿಡುತ್ತಿರಲಿಲ್ಲ. ನನ್ನ ಅಕ್ಕ ದಂಡೆಯ ಮೇಲೆ ನಮ್ಮ ಬಟ್ಟೆ ಕಾಯುತ್ತಿದ್ದಳು. ಇವತ್ತಿನ ಹುಡುಗರಿಗೆ ಬೈಕಿದೆ, ಫೋನಿದೆ, ಕೆರೆ, ಡ್ಯಾಮು, ಜಲಪಾತ ಎಲ್ಲಕ್ಕೂ ಹೋಗುತ್ತಾರೆ, ರೀಲ್ಸ್ ಮಾಡುತ್ತಾರೆ. ಈಸು ಮಾತ್ರ ಬರುವುದಿಲ್ಲ. ಒಬ್ಬ ಜಾರಿದರೆ ಉಳಿಸಲು ಇನ್ನೊಬ್ಬ ಜಿಗಿಯುತ್ತಾನೆ, ಅವನಿಗೂ ಬರುವುದಿಲ್ಲ. ಪತ್ರಿಕೆಯಲ್ಲಿ ಇಬ್ಬರ ಫೋಟೋ ಬರುತ್ತದೆ. ಜಿಗಿಯಬೇಡಿ. ಹಗ್ಗ, ಧೋತರ, ಸೀರೆ, ಬಾಯಿ ಮುಚ್ಚಿದ ಖಾಲಿ ಎಣ್ಣೆ ಡಬ್ಬಿ, ಏನು ಸಿಕ್ಕರೂ ಎಸೆಯಿರಿ.

ಹೋಗಬೇಡಿ ಎಂದು ಹೇಳಲು ನಾನು ಬಂದಿಲ್ಲ. ನಮ್ಮ 2005ರ ಬ್ಯಾಚಿನವರು ಕೂಡಿ ಒಂದು ತೀರ್ಮಾನ ಮಾಡಿದ್ದೇವೆ, ಮುಖ್ಯಗುರುಗಳೂ ಒಪ್ಪಿದ್ದಾರೆ. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ, ಹುಡುಗ ಹುಡುಗಿ ಇಬ್ಬರಿಗೂ, ಬೇಸಿಗೆ ರಜೆಯಲ್ಲಿ ತರಬೇತಿ ಪಡೆದವರಿಂದ ಈಜುಕೊಳದಲ್ಲಿ ಈಸು ಕಲಿಸುವುದು. ಹುಡುಗಿಯರಿಗೆ ಬೇರೆ ಸಮಯ, ಕಲಿಸುವವರೂ ಹೆಣ್ಣುಮಕ್ಕಳೇ. ಅಕ್ಟೋಬರ್‌ನಲ್ಲಿ ಅನುಮತಿ ಪಡೆದು ಒಂದು ದಿನ ಚಿಂಚೋಳಿ ಕಾಡಿಗೆ. ಬಸ್ಸು, ಊಟ, ತರಬೇತಿಯ ಖರ್ಚು ನಮ್ಮದು. ಪಾಲಕರ ಒಪ್ಪಿಗೆ ಪತ್ರಗಳು ಆಫೀಸಿನ ಪಕ್ಕದ ಟೇಬಲ್ಲಿನ ಮೇಲಿವೆ. ಊಟಕ್ಕೆ ಹೋಗುವ ಮುಂಚೆ ಸಹಿ ಮಾಡಿ ಕೊಡಿರಿ. ಹೊಸ ಬೂಟು ಕೊಡಿಸಬೇಕಿಲ್ಲ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಸಾಕು.