ಹೆಸರುಗಳು ಸಾಲದೆ ಹೋದ ವರ್ಷ

(ನಮ್ಮ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಬಂಗಾಳ ಕೊಲ್ಲಿಯಲ್ಲಿ ಎದ್ದರೆ ಸೈಕ್ಲೋನ್, ಚೀನದ ಕಡೆ ಎದ್ದರೆ ಟೈಫೂನ್, ಅಟ್ಲಾಂಟಿಕ್ ಸಾಗರದಲ್ಲಿ ಎದ್ದರೆ ಹರಿಕೇನ್. ಹೆಸರು ಮೂರು, ವಸ್ತು ಒಂದೇ. ಕನ್ನಡದಲ್ಲಿ ಮೂರಕ್ಕೂ ಚಂಡಮಾರುತವೆಂದರೆ ಸಾಕು. ಅಟ್ಲಾಂಟಿಕಿನಲ್ಲಿ ಇದಕ್ಕೆ ಒಂದು ಋತುವನ್ನೇ ಗೊತ್ತುಮಾಡಿದ್ದಾರೆ: ಜೂನ್ 1ರಿಂದ ನವೆಂಬರ್ 30ರ ವರೆಗೆ. ಆ ತಿಂಗಳುಗಳಲ್ಲಿ ಆಫ್ರಿಕದ ಪಶ್ಚಿಮ ತೀರದಿಂದ ಗಾಳಿಯ ಅಲೆಗಳು ಒಂದರ ಹಿಂದೊಂದು ಸಮುದ್ರಕ್ಕೆ ಇಳಿಯುತ್ತವೆ. ಕೆಳಗಿನ ನೀರು ಸುಮಾರು 26 ಡಿಗ್ರಿ ಸೆಂಟಿಗ್ರೇಡಿಗಿಂತ ಬೆಚ್ಚಗಿದ್ದು, ಮೇಲಣ ಗಾಳಿ ಅಡ್ಡ ಬರದಿದ್ದರೆ, ಕೆಲವು ಅಲೆಗಳು ಆವಿಯನ್ನುಂಡು ಬಲಿತು ಸುತ್ತತೊಡಗುತ್ತವೆ. ಬಹುಪಾಲು ಅಲೆಗಳು ಏನೂ ಆಗದೆ ಅಳಿದುಹೋಗುತ್ತವೆ.

2005ರ ಋತುವನ್ನು ನಾವು ಈ ಮಾತಿಗೆ ಆರಿಸಿಕೊಂಡಿದ್ದೇವೆ. ಆ ವರ್ಷ 28 ಬಿರುಗಾಳಿಗಳು ಎದ್ದವು. ಅವುಗಳಲ್ಲಿ ಒಂದು ಲೆಕ್ಕಕ್ಕೆ ಸೇರಿದ್ದು ಋತು ಮುಗಿದ ಮೇಲೆ. 15 ಬಿರುಗಾಳಿಗಳು ಹರಿಕೇನ್ ಮಟ್ಟ ಮುಟ್ಟಿದವು. ಹೆಸರಿಡಲು ಮೊದಲೇ ಸಿದ್ಧಪಡಿಸಿದ್ದ 21 ಹೆಸರುಗಳ ಪಟ್ಟಿ ಅಕ್ಟೋಬರಿನಲ್ಲಿ ವಿಲ್ಮಾಗೆ ಮುಗಿದುಹೋಯಿತು. ಅಲ್ಲಿಂದ ಮುಂದೆ ಆಲ್ಫಾ, ಬೀಟಾ ಎಂದು ಗ್ರೀಕ್ ಅಕ್ಷರಗಳನ್ನೇ ಹೆಸರಾಗಿ ಇಡಬೇಕಾಯಿತು. ಕೊನೆಯದಾದ ಜೀಟಾ ಡಿಸೆಂಬರ್ 30ರಂದು ಹುಟ್ಟಿ ಮರುವರ್ಷದ ಜನವರಿ 6ರ ವರೆಗೆ ಉಸಿರಾಡಿತು. ಪಂಚಾಂಗದ ಮಾತನ್ನು ಗಾಳಿ ಕೇಳಬೇಕೆಂದೇನೂ ಇಲ್ಲವಷ್ಟೆ.

ಈ ಎಣಿಕೆ ವೃತ್ತಪತ್ರಿಕೆಗಳಿಗೆ ಬಹಳ ಪ್ರಿಯ. ಗಾಳಿಯ ವೇಗವನ್ನು ನೋಡಿ ಒಂದರಿಂದ ಐದರ ವರೆಗೆ ದರ್ಜೆಯನ್ನೂ ಕೊಡುತ್ತಾರೆ. ಆದರೆ ದರ್ಜೆ ಅಳೆಯುವುದು ಗಾಳಿಯನ್ನು. ಜನ ಸಾಯುವುದು ಹೆಚ್ಚಾಗಿ ನೀರಿನಿಂದ. ಅಕ್ಟೋಬರ್ 19ರಂದು ವಿಲ್ಮಾದ ನಡುವೆ ವಾಯುಭಾರ 882 ಮಿಲಿಬಾರಿಗೆ ಇಳಿದಿತ್ತು. ಅಟ್ಲಾಂಟಿಕಿನಲ್ಲಿ ಅದಕ್ಕಿಂತ ಕಡಿಮೆ ಎಂದೂ ದಾಖಲಾಗಿಲ್ಲ. ಆದರೂ ಅದರಿಂದ ಸತ್ತವರು ನೂರು ಮುಟ್ಟಲಿಲ್ಲ. ಅದೇ ತಿಂಗಳು 4ರಂದು ಮೆಕ್ಸಿಕೊ ತೀರಕ್ಕೆ ಬಡಿದ ಸ್ಟ್ಯಾನ್ ಎಂಬುದು ಬರಿಯ ಒಂದನೆಯ ದರ್ಜೆಯದು. ಆ ದಿನಗಳಲ್ಲಿ ಮಧ್ಯ ಅಮೆರಿಕದ ಬೆಟ್ಟಗಳ ಮೇಲೆ ಬಿಡದೆ ಸುರಿದ ಮಳೆಗೆ ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಗ್ವಾಟೆಮಾಲದ ಅಟಿಟ್ಲಾನ್ ಸರೋವರದ ಬಳಿ ಪನಾಬಾಜ್ ಎಂಬ ಮಾಯಾ ಜನರ ಹಳ್ಳಿಯ ಮೇಲೆ ಜ್ವಾಲಾಮುಖಿಯ ಇಳಿಜಾರಿನ ಮಣ್ಣು ಕುಸಿದು ಬಂತು. ನೂರಾರು ಮಂದಿ ಮನೆಗಳೊಡನೆ ಹೂತುಹೋದರು.

ಇದೇ ವರ್ಷ ಜುಲೈ 26ರಂದು ನಮ್ಮ ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದುದನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. ಅದು ಚಂಡಮಾರುತವಲ್ಲ, ಅದಕ್ಕೆ ಹೆಸರೂ ಇಲ್ಲ, ದರ್ಜೆಯೂ ಇಲ್ಲ.

ಇನ್ನು ಕಟ್ರೀನಾ. ಅದರ ಕಥೆ ಸ್ವಲ್ಪ ಬಿಡಿಸಿ ಹೇಳತಕ್ಕದ್ದು. ಮೆಕ್ಸಿಕೊ ಕೊಲ್ಲಿಯ ಬೆಚ್ಚನೆಯ ನೀರಿನ ಮೇಲೆ ಐದನೆಯ ದರ್ಜೆಗೆ ಏರಿದ್ದ ಈ ಗಾಳಿ, ಆಗಸ್ಟ್ 29ರಂದು ಲೂಯಿಸಿಯಾನ ತೀರ ಮುಟ್ಟುವ ಹೊತ್ತಿಗೆ ಮೂರಕ್ಕೆ ಇಳಿದಿತ್ತು. ನ್ಯೂ ಆರ್ಲಿಯನ್ಸ್ ನಗರದ ಒಂದು ಪಕ್ಕಕ್ಕೆ ಮಿಸಿಸಿಪಿ ನದಿ, ಇನ್ನೊಂದು ಪಕ್ಕಕ್ಕೆ ಪಾಂಚಾರ್ಟ್ರೇನ್ ಸರೋವರ. ಊರಿನ ಸಾಕಷ್ಟು ಭಾಗ ಸಮುದ್ರಮಟ್ಟಕ್ಕಿಂತ ತಗ್ಗು. ಒಡ್ಡು, ಗೋಡೆಗಳನ್ನು ನಂಬಿಯೇ ಅಲ್ಲಿ ಜನ ಬಾಳುತ್ತಿದ್ದರು. ಕಾಲುವೆಗಳ ಕೆಲವು ಗೋಡೆಗಳು ನೀರು ನೆತ್ತಿ ಮುಟ್ಟುವ ಮೊದಲೇ ಬುಡ ಸಡಿಲಿ ಬಿದ್ದವೆಂದು ಆಮೇಲಿನ ವಿಚಾರಣೆಯಲ್ಲಿ ಗೊತ್ತಾಯಿತು. ನಗರದ ಸುಮಾರು ಶೇಕಡ 80 ಭಾಗ ನೀರಿನಲ್ಲಿ ಮುಳುಗಿತು. ಇದನ್ನು ಗಾಳಿಯ ಅಪರಾಧವೆನ್ನುವುದು ನಮಗೆ ಸರಿತೋರುವುದಿಲ್ಲ.

ಊರು ಬಿಡಿರೆಂದು ಹಿಂದಿನ ದಿನವೇ ಅಪ್ಪಣೆಯಾಗಿತ್ತು. ಕಾರಿದ್ದವರು ಹೋದರು. ಕಾರಿಲ್ಲದವರು, ಕೈಯಲ್ಲಿ ಕಾಸಿಲ್ಲದವರು, ಹಾಸಿಗೆ ಹಿಡಿದವರು ಉಳಿದರು. ಸತ್ತವರಲ್ಲಿ ವೃದ್ಧರದೇ ದೊಡ್ಡ ಪಾಲು. ಬಹಳ ಕಾಲ ಸಾವಿನ ಲೆಕ್ಕ 1,800ಕ್ಕೆ ಮೇಲ್ಪಟ್ಟು ಇದ್ದಿತು. 2023ರಲ್ಲಿ ಅದನ್ನು ಪರಿಷ್ಕರಿಸಿ 1,392 ಎಂದರು.

ಮೂರು ವಾರ ಕಳೆಯುವುದರಲ್ಲಿ ರೀಟಾ ಎದ್ದಿತು. ಕಟ್ರೀನಾ ಕಂಡು ಬೆದರಿದ ಹ್ಯೂಸ್ಟನ್ ಕಡೆಯ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಜನ ಒಟ್ಟಿಗೆ ರಸ್ತೆಗಿಳಿದರು. ಮೈಲಿಗಟ್ಟಲೆ ವಾಹನಗಳು ಬಿಸಿಲಿನಲ್ಲಿ ನಿಂತವು. ವೃದ್ಧರನ್ನು ಸಾಗಿಸುತ್ತಿದ್ದ ಒಂದು ಬಸ್ಸು ಡಲ್ಲಾಸ್ ಸಮೀಪ ಹೊತ್ತಿ ಉರಿದು 23 ಮಂದಿ ತೀರಿಹೋದರು. ರೀಟಾದ ಗಾಳಿ ಕೊಂದುದಕ್ಕಿಂತ ಅದಕ್ಕೆ ಹೆದರಿ ಓಡಿದ ಓಟವೇ ಹೆಚ್ಚು ಜನರನ್ನು ಕೊಂದಿತು.

ನ್ಯೂ ಆರ್ಲಿಯನ್ಸಿನ ಒಡ್ಡುಗಳನ್ನು ಆಮೇಲೆ ನೂರಾರು ಕೋಟಿ ಡಾಲರ್ ಸುರಿದು ಹೊಸದಾಗಿ ಕಟ್ಟಿದರು. 2021ರಲ್ಲಿ, ಅದೇ ಆಗಸ್ಟ್ 29ರಂದು, ಐಡಾ ಬಂತು. ಈ ಸಾರಿ ತೀರ ಮುಟ್ಟುವಾಗಲೇ ನಾಲ್ಕನೆಯ ದರ್ಜೆ. ಒಡ್ಡುಗಳು ನಿಂತವು, ಊರು ಮುಳುಗಲಿಲ್ಲ. ಆದರೆ ವಿದ್ಯುತ್ತು ದಿನಗಟ್ಟಲೆ ಹೋಗಿ, ಮುಚ್ಚಿದ ಮನೆಗಳ ಸೆಕೆಯಲ್ಲಿ ಮುದುಕರು ಸತ್ತರು. ಹರಿಕೇನೆಂಬ ಪಟ್ಟವನ್ನೇ ಕಳೆದುಕೊಂಡ ಅದರ ಅವಶೇಷ ಮೂರು ದಿನಗಳ ಮೇಲೆ ಸಾವಿರ ಮೈಲಿಗೂ ಹೆಚ್ಚು ದೂರದ ನ್ಯೂಯಾರ್ಕಿನಲ್ಲಿ ಮಳೆ ಕರೆಯಿತು. ಅಲ್ಲಿ ಕಡಿಮೆ ಬಾಡಿಗೆಗೆ ಸಿಗುವ ನೆಲಮಾಳಿಗೆಯ ಕೋಣೆಗಳಿಗೆ ರಾತ್ರಿ ನೀರು ನುಗ್ಗಿ, ಹನ್ನೊಂದು ಮಂದಿ ಮನೆಯಲ್ಲಿದ್ದಂತೆಯೇ ಮುಳುಗಿದರು.